ಟ್ರೋವ್‌ನಲ್ಲಿ ಹೆನ್ರಿ ಪಾರ್ಕ್ಸ್: ಒಬ್ಬ ಆಟಿಕೆ ಅಂಗಡಿಯವನನ್ನು ಹುಡುಕಿಕೊಂಡು ಹೋದರೆ ಈ ಸೈಟ್ ಎಷ್ಟು ಕೊಡುತ್ತದೆ?

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4.5 ಸ್ಟಾರ್. ಅರ್ಧ ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ.

ಟ್ರೋವ್ ಅಂದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ನಡೆಸುವ ವೆಬ್‌ಸೈಟ್. 2009ರಿಂದ ಇದೆ. ಪುಸ್ತಕ, ಫೋಟೊ, ನಕ್ಷೆ, ಪತ್ರ ಎಲ್ಲವನ್ನೂ ಹುಡುಕಬಹುದು. ಆದರೆ ಜನ ಮುಗಿಬೀಳುವುದು ಹಳೇ ಪೇಪರುಗಳಿಗೆ. 1803ರ ಸಿಡ್ನಿ ಗೆಜೆಟ್‌ನಿಂದ ಹಿಡಿದು ಹೆಚ್ಚುಕಡಿಮೆ 1954ರವರೆಗಿನ ನೂರಾರು ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಯಾವ ದೇಶದಲ್ಲಿ ಕೂತಿದ್ದರೂ ಓದಬಹುದು, ಒಂದು ಪೈಸೆ ಕೊಡಬೇಕಿಲ್ಲ, ಓದುವುದಕ್ಕೆ ಲಾಗಿನ್ ಕೂಡ ಬೇಡ.

ಇಂಥ ಸೈಟನ್ನು ತೆರೆದು ಸುಮ್ನೆ ಅಲ್ಲಿ ಇಲ್ಲಿ ಒತ್ತಿದರೆ ಏನೂ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಒಳಗೆ ಹೋಗಬೇಕು. ನಾನು ಹಿಡಿದದ್ದು ಸರ್ ಹೆನ್ರಿ ಪಾರ್ಕ್ಸ್‌ನನ್ನು. ಪಾರ್ಕ್ಸ್ ಅನ್ನುವ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರುವುದು ಅಲ್ಲಿನ ರೇಡಿಯೊ ಟೆಲಿಸ್ಕೋಪಿನಿಂದ, ಅಪೊಲೊ 11ರ ಸಮಯದಲ್ಲಿ ಚಂದ್ರನಿಂದ ಬಂದ ಚಿತ್ರ ಹಿಡಿದ ಆ ದೊಡ್ಡ ಡಿಶ್. ಅದಿರುವ ಊರಿಗೆ 1873ರಲ್ಲಿ ಈ ಮನುಷ್ಯನ ಹೆಸರಿಟ್ಟರು, ಅಲ್ಲಿನ ಮುಖ್ಯ ರಸ್ತೆಗೆ ಅವನ ಹೆಂಡತಿ ಕ್ಲಾರಿಂಡಾ ಹೆಸರು. ನ್ಯೂ ಸೌತ್ ವೇಲ್ಸ್ ಬ್ರಿಟಿಷರ ವಸಾಹತಾಗಿದ್ದಾಗ ಐದು ಸಲ ಪ್ರೀಮಿಯರ್ ಆದವನು, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಆಸ್ಟ್ರೇಲಿಯಾದವರು ಈತನನ್ನು ಒಕ್ಕೂಟದ ಪಿತಾಮಹ ಅನ್ನುತ್ತಾರೆ, ಒಕ್ಕೂಟ ಅಂದರೆ ಬೇರೆಬೇರೆ ಇದ್ದ ಅಲ್ಲಿನ ವಸಾಹತುಗಳೆಲ್ಲ ಸೇರಿ ಒಂದೇ ದೇಶ ಆದದ್ದು. ಅದಕ್ಕೆಲ್ಲ ಮುಂಚೆ ಸಿಡ್ನಿಯ ಹಂಟರ್ ಸ್ಟ್ರೀಟ್‌ನಲ್ಲಿ ದಂತದ ಸಾಮಾನು, ಆಟಿಕೆ ಮಾರುತ್ತಿದ್ದವನು.

ಈತನನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಜೀವನಚರಿತ್ರೆ ಬರೆಯುವವರಿಗೆ ಕೊನೆ ಮೊದಲೇ ಗೊತ್ತಿರುತ್ತದೆ. ಅಂಗಡಿ ಮುಳುಗಿದ್ದನ್ನು ಬರೆಯುವಾಗಲೂ ಅವರ ಮನಸ್ಸಿನಲ್ಲಿ ಮುಂದಿನ ಪ್ರೀಮಿಯರ್ ಕೂತಿರುತ್ತಾನೆ. ಆವತ್ತಿನ ಪೇಪರಿಗೆ ಅದು ಗೊತ್ತಿಲ್ಲ. ಅದರ ಕಣ್ಣಿಗೆ ಇವನೊಬ್ಬ ಸಾಲಗಾರ, ಅಷ್ಟೇ. ಈ ಸೈಟಿನ ನಿಜವಾದ ಬೆಲೆ ಇರುವುದು ಅಲ್ಲಿ.

ಪಾರ್ಕ್ಸ್ ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ವಾರಿಕ್‌ಶೈರ್‌ನ ಒಬ್ಬ ಗೇಣಿ ರೈತನ ಮನೆಯಲ್ಲಿ. ಅಪ್ಪ ಸಾಲದಲ್ಲಿ ಜಮೀನು ಕಳಕೊಂಡ. ಕುಟುಂಬ ಬರ್ಮಿಂಗ್‌ಹ್ಯಾಮ್ ಸೇರಿತು. ಹುಡುಗ ಶಾಲೆಗಿಂತ ಜಾಸ್ತಿ ಕೂಲಿಯನ್ನೇ ಕಂಡ. ಆಮೇಲೆ ಮೂಳೆ, ಆನೆದಂತವನ್ನು ಲೇತಿಗೆ ಕೊಟ್ಟು ಸಾಮಾನು ಮಾಡುವ ಕಸುಬು ಕಲಿತು, ಮದುವೆಯಾಗಿ, ಸ್ವಂತ ಅಂಗಡಿ ಇಟ್ಟು, ಅದು ನಡೆಯದೆ, ಸರ್ಕಾರ ಟಿಕೆಟ್ ಕೊಡುವ ಯೋಜನೆಯಲ್ಲಿ ಹೆಂಡತಿ ಜೊತೆ ಹಡಗು ಹತ್ತಿದ. 1839ರ ಜುಲೈನಲ್ಲಿ ಸ್ಟ್ರಾತ್‌ಫೀಲ್ಡ್‌ಸೇ ಅನ್ನುವ ಹಡಗು ಸಿಡ್ನಿ ಮುಟ್ಟಿತು. ಇಳಿಯುವ ಮುಂಚೆ ಸಮುದ್ರದ ಮೇಲೇ ಮಗು ಹುಟ್ಟಿತ್ತು.

ಇಲ್ಲೇ ಟ್ರೋವ್‌ನ ಮೊದಲ ಮಿತಿ ಸಿಗುತ್ತದೆ. ಆ ಕಾಲದ ಪೇಪರುಗಳಲ್ಲಿ ಹಡಗು ಬಂದ ಸುದ್ದಿಗೆ ಒಂದು ಕಾಲಂ ಇರುತ್ತಿತ್ತು. ಕ್ಯಾಬಿನ್‌ನಲ್ಲಿ ಬಂದ ಶ್ರೀಮಂತರಿಗೆ ಹೆಸರು, ಕೆಳಗಿನ ಅಟ್ಟದಲ್ಲಿ ಬಂದವರಿಗೆ ತಲೆ ಎಣಿಕೆ. ಹೆನ್ರಿ ಪಾರ್ಕ್ಸ್ ಆ ಎಣಿಕೆಯೊಳಗೆ ಒಂದು ತಲೆ. ಬಡವನಾಗಿ ಬಂದವನ ಬಗ್ಗೆ ಪೇಪರು ಬರೆಯುವುದಿಲ್ಲ, ಪೇಪರು ಬರೆಯದ್ದನ್ನು ಟ್ರೋವ್ ತೋರಿಸುವುದಿಲ್ಲ.

ಆ ಮೊದಲ ತಿಂಗಳುಗಳು ಹೇಗಿದ್ದವು ಅಂತ ಗೊತ್ತಾಗುವುದು ಅವನು ಬರ್ಮಿಂಗ್‌ಹ್ಯಾಮಿನ ಮನೆಗೆ ಬರೆದ ಪತ್ರಗಳಿಂದ. ಪೆನ್ರಿತ್ ಹತ್ತಿರ ಸರ್ ಜಾನ್ ಜೇಮಿಸನ್ ಅನ್ನುವ ದೊಡ್ಡ ಜಮೀನ್ದಾರನ ಎಸ್ಟೇಟಿನಲ್ಲಿ ಕೂಲಿ. ವರ್ಷಕ್ಕೆ 25 ಪೌಂಡ್ ಸಂಬಳ, ಜೊತೆಗೆ ವಾರದ ರೇಷನ್. ಆ ರೇಷನ್ನಿನ ಒಂದೊಂದು ಪದಾರ್ಥಕ್ಕೂ ಪತ್ರದಲ್ಲಿ ಒಂದೊಂದು ಬೈಗುಳ ಇದೆ: ಮಾಂಸ ಕೆಲವು ಸಲ ಬಾಯಿಗಿಡುವ ಹಾಗಿರಲಿಲ್ಲ, ಅಕ್ಕಿ ಅತ್ಯಂತ ಕಳಪೆ, ಹಿಟ್ಟಿನಲ್ಲಿ ಅರ್ಧಕ್ಕರ್ಧ ಅಕ್ಕಿಯದ್ದೇ ಪುಡಿ, ಸೋಪು ಕೈ ತೊಳೆಯೋಕೂ ಸಾಲದು, ಹೊಗೆಸೊಪ್ಪು ಇವನಿಗೆ ಉಪಯೋಗಕ್ಕಿಲ್ಲ. ಮಲಗಲು ಮರದ ತೊಗಟೆಯ ಒಂದು ಹಾಳೆ, ಒಂದು ಹಳೇ ಬಾಗಿಲು, ಅದರ ಮೇಲೆ ಒಂದಷ್ಟು ಬಟ್ಟೆ. ನಾಲ್ಕು ತಿಂಗಳು ಕೈಗೂಸಿನ ಜೊತೆ ಇದೇ ಹಾಸಿಗೆ. ಹೊಸ ದೇಶಕ್ಕೆ ಹೋದವರು ಊರಿಗೆ ಬರೆಯುವಾಗ ಸಾಮಾನ್ಯವಾಗಿ ಇಂಥದ್ದೆಲ್ಲ ಮುಚ್ಚಿಡುತ್ತಾರೆ ಅಲ್ವಾ, ಇವನು ಮುಚ್ಚಿಡಲಿಲ್ಲ. ಈ ಪತ್ರಗಳು ಅವನು ಸತ್ತ ವರ್ಷ, 1896ರಲ್ಲಿ, ಪುಸ್ತಕವಾಗಿ ಬಂದವು.

ಅಲ್ಲಿಂದ ಸಿಡ್ನಿಗೆ ವಾಪಸ್ ಬಂದು ಕಬ್ಬಿಣದ ಅಂಗಡಿಯಲ್ಲಿ ಕೆಲಸ, ಆಮೇಲೆ ಕಸ್ಟಮ್ಸ್‌ನಲ್ಲಿ, ಹಡಗಿನ ಮೇಲೆ ಕೂತು ಸುಂಕ ಕಟ್ಟದ ಮಾಲು ಕೆಳಗಿಳಿಯದಂತೆ ಕಾಯುವ ಕೆಲಸ. 1840ರ ದಶಕದ ಮಧ್ಯದಲ್ಲಿ ಅದನ್ನು ಬಿಟ್ಟು ಹಂಟರ್ ಸ್ಟ್ರೀಟ್‌ನಲ್ಲಿ ಅಂಗಡಿ ಇಟ್ಟ. ಮೇಟ್‌ಲೆಂಡ್‌ನಲ್ಲಿ, ಗೀಲಾಂಗ್‌ನಲ್ಲಿ ಶಾಖೆ ತೆರೆದ. ಎರಡೂ ಕೈಕೊಟ್ಟವು.

ಅಂಗಡಿಯ ಕಾಲಕ್ಕೆ ಬಂದ ಮೇಲೆ ಟ್ರೋವ್ ನಿಜವಾಗಿ ಕೆಲಸಕ್ಕೆ ಬರುತ್ತದೆ, ಆದರೆ ಹುಡುಕೋದು ಗೊತ್ತಿರಬೇಕು. ಸುಮ್ನೆ ಪಾರ್ಕ್ಸ್ ಅಂತ ಟೈಪ್ ಮಾಡಿದರೆ ಊರು, ರಸ್ತೆ, ರೈಲ್ವೆ ಸ್ಟೇಷನ್, ಕುರಿ ಸಂತೆ ಎಲ್ಲ ಬಂದು ರಾಶಿ ಬೀಳುತ್ತದೆ. ಪಕ್ಕದಲ್ಲಿ ಫಿಲ್ಟರುಗಳಿವೆ, ಅವನ್ನು ಬಿಡಬೇಡಿ. ವರ್ಷ 1845ರಿಂದ 1850, ರಾಜ್ಯ ನ್ಯೂ ಸೌತ್ ವೇಲ್ಸ್, ವಿಭಾಗದಲ್ಲಿ ಜಾಹೀರಾತು ಅನ್ನೋದನ್ನು ಒತ್ತಿ, ಹಂಟರ್ ಸ್ಟ್ರೀಟ್ ಅನ್ನೋದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಜಾಹೀರಾತಿಗೇ ಬೇರೆ ವಿಭಾಗ ಮಾಡಿರುವುದು ಈ ಸೈಟಿನ ಬಹಳ ಜಾಣ ಕೆಲಸ. ವ್ಯಾಪಾರಿಯೊಬ್ಬನ ಬದುಕು ಸುದ್ದಿಯಲ್ಲಿ ಇರುವುದಿಲ್ಲ, ಜಾಹೀರಾತಿನಲ್ಲಿ ಇರುತ್ತದೆ. ಅವನ ಅಕ್ಕಪಕ್ಕ ಯಾರು ಏನು ಮಾರುತ್ತಿದ್ದರು, ಯಾವ ಹಡಗಿನಿಂದ ಯಾವ ಮಾಲು ಇಳಿಯಿತು, ಯಾರ ಸಾಮಾನು ಹರಾಜಿಗೆ ಬಂತು, ಎಲ್ಲ ಅಲ್ಲೇ ಒಂದೇ ಪುಟದಲ್ಲಿ ಸಿಗುತ್ತದೆ.

ಈಗ ಎಂಪೈರ್, ಅಂದರೆ ಪಾರ್ಕ್ಸ್ ಶುರು ಮಾಡಿದ ಪತ್ರಿಕೆಯ ವಿಷಯ. ಇದೊಂದಕ್ಕೇ ಟ್ರೋವ್‌ಗೆ ನಾಲ್ಕು ಸ್ಟಾರ್ ಕೊಡಬಹುದು.

ಅಂಗಡಿ ನಡೆಸುತ್ತಲೇ ಪಾರ್ಕ್ಸ್ ರಾಜಕೀಯಕ್ಕೆ ಬಿದ್ದ. 1848ರಲ್ಲಿ ರಾಬರ್ಟ್ ಲೋ ಅನ್ನುವ ವಕೀಲನ ಚುನಾವಣೆಗೆ ಕುಶಲಕರ್ಮಿಗಳನ್ನು ಒಟ್ಟು ಮಾಡಿದ. ಮರುವರ್ಷ ಹ್ಯಾಶೆಮಿ ಅನ್ನುವ ಹಡಗಿನಲ್ಲಿ ಬ್ರಿಟನ್ನಿನಿಂದ ಮತ್ತೆ ಕೈದಿಗಳನ್ನು ತಂದಾಗ ಸಿಡ್ನಿ ಬಂದರಿನ ಸರ್ಕ್ಯುಲರ್ ಕ್ವೇನಲ್ಲಿ ನಡೆದ ದೊಡ್ಡ ಪ್ರತಿಭಟನೆಯಲ್ಲಿ ಇದ್ದ. 1850ರ ಡಿಸೆಂಬರ್ 28ಕ್ಕೆ ತನ್ನದೇ ಪತ್ರಿಕೆ ಶುರು ಮಾಡಿದ. ಅಂಗಡಿಯೇ ಸರಿಯಾಗಿ ನಡೆಯದವನಿಗೆ ಪೇಪರು ಬೇಕಿತ್ತಾ ಅಂತ ಕೇಳಬೇಡಿ, ಆ ಮನುಷ್ಯ ಹಾಗೇ.

ಎಂಪೈರ್‌ನ ಸಂಚಿಕೆಗಳು 1850ರಿಂದ 1875ರವರೆಗೆ ಟ್ರೋವ್‌ನಲ್ಲಿವೆ. ಪತ್ರಿಕೆಯ ಹೆಸರು ಒತ್ತಿ, ವರ್ಷ ಒತ್ತಿ, ತಿಂಗಳು ಒತ್ತಿ, ದಿನ ಆರಿಸಿ, ಪುಟ ತೆರೆಯುತ್ತದೆ. ಒಂದು ಟ್ಯಾಬ್‌ನಲ್ಲಿ ಎಂಪೈರ್, ಇನ್ನೊಂದರಲ್ಲಿ ಅದೇ ದಿನದ ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಇಟ್ಟುಕೊಂಡು ಓದಿ ನೋಡಿ. ಒಂದೇ ಊರು, ಒಂದೇ ದಿನ, ಒಂದೇ ಸಭೆ, ಎರಡು ವರದಿ. ಹೆರಾಲ್ಡ್ ಜಮೀನ್ದಾರರ, ದೊಡ್ಡ ವ್ಯಾಪಾರಿಗಳ ಕಡೆಗೆ ವಾಲುತ್ತದೆ. ಎಂಪೈರ್ ಮತದಾನದ ಹಕ್ಕು ಹೆಚ್ಚಿಸಿ ಅಂತ ಗಲಾಟೆ ಮಾಡುತ್ತದೆ. 1854ರಲ್ಲಿ ಶಾಸನ ಸಭೆಯ ಸಿಡ್ನಿ ಸ್ಥಾನಕ್ಕೆ ಪಾರ್ಕ್ಸ್ ನಿಂತಾಗ ಎದುರಾಳಿ ಚಾರ್ಲ್ಸ್ ಕೆಂಪ್, ಹೆರಾಲ್ಡ್‌ನ ಹಳೇ ಪಾಲುದಾರ! ಆ ಚುನಾವಣೆಯನ್ನು ಎರಡೂ ಪೇಪರಿನಲ್ಲಿ ಓದೋದು ಭಾರಿ ಮಜಾ. ಗೆದ್ದದ್ದು ಆಟಿಕೆ ಅಂಗಡಿಯವನು.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಹತ್ತಿರದ್ದು. 1851ರಲ್ಲಿ ಬಾತರ್ಸ್ಟ್ ಕಡೆ ಚಿನ್ನ ಸಿಕ್ಕಿತು. ಊರಿನ ಕೆಲಸಗಾರರೆಲ್ಲ ಚಿನ್ನದ ಕಡೆಗೆ ಓಡಿದರು, ಉಳಿದವರ ಕೂಲಿ ಏರಿತು. ಅಚ್ಚುಕೂಟಗಳಲ್ಲಿ ಅಚ್ಚುಮೊಳೆ ಜೋಡಿಸುವವರೇ ಸಿಗದ ಹಾಗಾಯಿತು. ಆಗ ಪಾರ್ಕ್ಸ್ ಮದ್ರಾಸಿನಿಂದ ಬಂದ ಯುರೇಷಿಯನ್ನರನ್ನು, ಅಂದರೆ ಯುರೋಪು-ಭಾರತ ಎರಡೂ ಕಡೆಯ ರಕ್ತ ಇದ್ದವರನ್ನು, ಎಂಪೈರ್‌ನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಇಟ್ಟುಕೊಂಡ. ಆ ವರ್ಷಗಳ ಎಂಪೈರ್ ಪುಟವನ್ನು ಸ್ಕ್ರೀನ್ ಮೇಲೆ ಹಿಗ್ಗಿಸಿ ನೋಡುವಾಗ, ಈ ಸಣ್ಣ ಅಕ್ಷರಗಳಲ್ಲಿ ಕೆಲವನ್ನಾದರೂ ಮದ್ರಾಸಿನ ಕೈ ಜೋಡಿಸಿರಬೇಕು ಅನ್ನಿಸುತ್ತದೆ. ಅವರ ಹೆಸರು ಅಲ್ಲಿ ಎಲ್ಲೂ ಅಚ್ಚಾಗುವುದಿಲ್ಲ ಅನ್ನೋದು ಬೇರೆ ಮಾತು.

1858ರಲ್ಲಿ ಎಂಪೈರ್ ಮುಳುಗಿತು. ಸಾಲ ಸುಮಾರು 50,000 ಪೌಂಡ್. ವರ್ಷಕ್ಕೆ 25 ಪೌಂಡಿಗೆ ಕೂಲಿ ಮಾಡಿದ್ದವನ ಸಾಲ ಇದು. ಪತ್ರಿಕೆ ಬೇರೆಯವರ ಕೈಗೆ ಹೋಗಿ ಮುಂದುವರಿಯಿತು. ದಿವಾಳಿ ಪ್ರಕಟಣೆಗಳನ್ನು ಓದಬೇಕು ಅನ್ನುವವರಿಗೆ ಸರ್ಕಾರಿ ಗೆಜೆಟ್ ಕೂಡ ಟ್ರೋವ್‌ನಲ್ಲೇ ಇದೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. 1870ರಲ್ಲಿ ಪಾರ್ಕ್ಸ್ ಮತ್ತೆ ದಿವಾಳಿ. ಎರಡು ವರ್ಷ ಬಿಟ್ಟು, 1872ರಲ್ಲಿ, ಪ್ರೀಮಿಯರ್! ಇದನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಪೇಪರಿನಲ್ಲಿ ದಿನದಿನ ಓದುವಾಗ ಇದು ನಿಜಕ್ಕೂ ನಡೆಯಿತಾ ಅನ್ನಿಸುತ್ತದೆ.

ಇನ್ನು ಆ ಅರ್ಧ ಸ್ಟಾರ್. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರೇ ಓದಿ ಅಕ್ಷರಕ್ಕೆ ಇಳಿಸಿರುವುದರಿಂದ ತಪ್ಪುಗಳು ರಾಶಿ ಇವೆ. ಮಸಿ ಹರಡಿದ ಕಡೆ, ಕಾಗದ ಮಡಚಿದ ಕಡೆ ಇಂಗ್ಲಿಷಿನ ಇ ಹೋಗಿ ಸಿ ಆಗುತ್ತದೆ, ಎಚ್ ಹೋಗಿ ಬಿ ಆಗುತ್ತದೆ, ಕೆಲವು ಪ್ಯಾರಾ ಪೂರ್ತಿ ಚುಕ್ಕಿ, ಗೆರೆ, ಅರ್ಥವಿಲ್ಲದ ಅಕ್ಷರ. ಹುಡುಕುವುದು ಈ ಅಕ್ಷರದಲ್ಲೇ ಆದ್ದರಿಂದ ಹೆಸರು ತಪ್ಪಾಗಿ ಇಳಿದಿದ್ದರೆ ಆ ಸುದ್ದಿ ನಿಮಗೆ ಸಿಗುವುದೇ ಇಲ್ಲ. ಏನೂ ಸಿಗಲಿಲ್ಲ ಅಂದರೆ ಏನೂ ಇರಲಿಲ್ಲ ಅಂತ ತಿಳಿಯಬೇಡಿ. ಹೆಸರಿನ ಕಾಗುಣಿತ ಬದಲಿಸಿ, ಜೊತೆಗೆ ಊರಿನ ಹೆಸರು ಹಾಕಿ, ಆಗಲೂ ಸಿಗದಿದ್ದರೆ ತಾರೀಕು ಹಿಡಿದು ಪುಟ ತಿರುವಿ ನೋಡಬೇಕು.

ಇದಕ್ಕೆ ಅವರೇ ಇಟ್ಟಿರುವ ಪರಿಹಾರ ಮಾತ್ರ ಚೆನ್ನಾಗಿದೆ. ಎಡಗಡೆ ಕಂಪ್ಯೂಟರ್ ಓದಿದ ಸಾಲು, ಬಲಗಡೆ ಮೂಲ ಪುಟದ ಚಿತ್ರ. ತಪ್ಪು ಕಂಡರೆ ಓದುವವರೇ ಆ ಸಾಲು ಒತ್ತಿ ತಿದ್ದಬಹುದು. ತಿದ್ದಿದ್ದು ಮುಂದೆ ಹುಡುಕುವ ಎಲ್ಲರಿಗೂ ಸಿಗುತ್ತದೆ. ಹೀಗೆ ಜನ ಸುಮ್ನೆ ಬಿಡುವಿನಲ್ಲಿ ಕೂತು ತಿದ್ದಿರುವ ಸಾಲುಗಳು ಕೋಟಿಗಟ್ಟಲೆ ಇವೆ. ಯಾರಿಗೂ ಸಂಬಳ ಇಲ್ಲ. ಸ್ವಲ್ಪ ತಿದ್ದಲು ಶುರು ಮಾಡಿದರೆ ನಿಲ್ಲಿಸೋದು ಕಷ್ಟ, ಎಚ್ಚರಿಕೆ.

ಟ್ರೋವ್ ಇಲ್ಲದೆ ಆಗೋದೇ ಇಲ್ಲ ಅನ್ನುವ ಜಾಗ ಒಂದಿದೆ. ನ್ಯೂ ಸೌತ್ ವೇಲ್ಸ್ ಸಂಸತ್ತಿನ ಚರ್ಚೆಗಳನ್ನು ಅಧಿಕೃತವಾಗಿ ಅಚ್ಚು ಹಾಕಲು ಶುರು ಮಾಡಿದ್ದು 1879ರಲ್ಲಿ. ಅದಕ್ಕೆ ಮುಂಚೆ ಯಾರು ಏನು ಮಾತಾಡಿದರು ಅಂತ ತಿಳಿಯಲು ಪೇಪರಿನ ವರದಿಯೇ ಗತಿ. ಪಾರ್ಕ್ಸ್‌ನ ಮೊದಲ 25 ವರ್ಷದ ರಾಜಕೀಯ ಪೂರ್ತಿ ಈ ಕಾಲದ್ದು.

ಅದರಲ್ಲೂ 1868 ನೋಡಿ. ಆ ವರ್ಷ ಮಾರ್ಚ್ 12ಕ್ಕೆ ಸಿಡ್ನಿಯ ಕ್ಲಾಂಟಾರ್ಫ್‌ನಲ್ಲಿ ವಿಕ್ಟೋರಿಯಾ ರಾಣಿಯ ಮಗ ಪ್ರಿನ್ಸ್ ಆಲ್ಫ್ರೆಡ್‌ಗೆ ಒಬ್ಬ ಐರಿಷ್ ಮನುಷ್ಯ, ಓಫಾರೆಲ್ ಅಂತ, ಬೆನ್ನಿಗೆ ಗುಂಡು ಹೊಡೆದ. ಪ್ರಿನ್ಸ್ ಉಳಿದ. ಓಫಾರೆಲ್‌ನನ್ನು ಏಪ್ರಿಲ್‌ನಲ್ಲೇ ನೇಣಿಗೆ ಹಾಕಿದರು. ಪಾರ್ಕ್ಸ್ ಆಗ ವಸಾಹತಿನ ಕಾರ್ಯದರ್ಶಿ, ತನಿಖೆ ಅವನ ಕೈಯಲ್ಲಿ. ಆಗಸ್ಟ್‌ನಲ್ಲಿ ಕಯಾಮಾ ಅನ್ನುವ ಊರಲ್ಲಿ ಭಾಷಣ ಮಾಡುತ್ತಾ, ಇದರ ಹಿಂದೆ ಫೆನಿಯನ್ನರ, ಅಂದರೆ ಬ್ರಿಟಿಷರಿಂದ ಐರ್ಲೆಂಡ್ ಬಿಡಿಸಲು ಹೊರಟ ಐರಿಷ್ ಗುಪ್ತ ಸಂಘದವರ, ಸಂಚಿತ್ತು, ಸಂಚು ಗೊತ್ತಿದ್ದ ಒಬ್ಬನನ್ನು ಅವರೇ ಕೊಂದರು, ನನ್ನ ಹತ್ತಿರ ಸಾಕ್ಷಿ ಇದೆ ಅಂದುಬಿಟ್ಟ. ಸತ್ತವನು ಯಾರು? ಯಾರಿಗೂ ಗೊತ್ತಿಲ್ಲ. ಜನ ಅದಕ್ಕೆ ಕಯಾಮಾದ ದೆವ್ವ ಅಂತ ಹೆಸರಿಟ್ಟರು. ವಿಚಾರಣಾ ಸಮಿತಿಗೆ ಅಂಥ ಸಾಕ್ಷಿ ಏನೂ ಕಾಣಲಿಲ್ಲ. ಆಮೇಲೆ ಪಾರ್ಕ್ಸ್‌ನ ಕಡೆಯವರು ಸದನದಲ್ಲಿ ಬಹುಮತ ಹಾಕಿ ಸಮಿತಿಯ ಆ ಮಾತನ್ನೇ ಕಡತದಿಂದ ತೆಗೆಸಿಹಾಕಿದರು.

ಕಡತದಿಂದ ತೆಗೆಸಬಹುದು, ಪೇಪರಿನಿಂದ ತೆಗೆಸಲಾಗುವುದಿಲ್ಲ. ಹೆರಾಲ್ಡ್ ಒಂದು ಕಡೆ, ಸಿಡ್ನಿಯ ಐರಿಷ್ ಕ್ಯಾಥೊಲಿಕರ ಪತ್ರಿಕೆ ಫ್ರೀಮನ್ಸ್ ಜರ್ನಲ್ ಇನ್ನೊಂದು ಕಡೆ, ಎರಡೂ ಟ್ರೋವ್‌ನಲ್ಲಿವೆ. ತಾರೀಕಿನ ಪ್ರಕಾರ ಜೋಡಿಸಿ ಓದಿದರೆ ಒಂದು ವದಂತಿ ಹೇಗೆ ಹುಟ್ಟಿತು, ಅದರಿಂದ ಯಾರಿಗೆ ಓಟು ಬಂತು, ಯಾರ ಮಕ್ಕಳು ಊರಲ್ಲಿ ತಲೆತಗ್ಗಿಸಿ ಓಡಾಡಬೇಕಾಯಿತು ಅನ್ನೋದು ಅರ್ಥವಾಗುತ್ತದೆ.

ಈತನ ಒಳ್ಳೇ ಕೆಲಸಗಳೂ ಕಡಿಮೆ ಇಲ್ಲ. 1866ರ ಸಾರ್ವಜನಿಕ ಶಾಲೆಗಳ ಕಾಯ್ದೆ, 1880ರ ಶಿಕ್ಷಣ ಕಾಯ್ದೆ, ಫ್ಲಾರೆನ್ಸ್ ನೈಟಿಂಗೇಲ್‌ಗೆ ಬರೆದು 1868ರಲ್ಲಿ ಲೂಸಿ ಆಸ್ಬರ್ನ್ ಮತ್ತು ಐವರು ನರ್ಸ್‌ಗಳನ್ನು ಸಿಡ್ನಿ ಆಸ್ಪತ್ರೆಗೆ ಕರೆಸಿದ್ದು. ಶಾಲೆ ನೋಡದವನು ಶಾಲೆ ಕಟ್ಟಿಸಿದ ಅಂತ ಎಲ್ಲ ಪುಸ್ತಕದಲ್ಲೂ ಇದೆ, ನಾನು ಮತ್ತೆ ಹೇಳುವುದಿಲ್ಲ.

ಪುಸ್ತಕಗಳು ಮೆಲ್ಲಗೆ ದಾಟಿಹೋಗುವುದು 1888. ಚೀನಾದಿಂದ ಬರುವವರ ಮೇಲೆ ಪಾರ್ಕ್ಸ್ ಸರ್ಕಾರ 1881ರಲ್ಲೇ ತಲೆಗೆ 10 ಪೌಂಡ್ ತೆರಿಗೆ ಹಾಕಿತ್ತು. 1888ರಲ್ಲಿ ಆಫ್ಘನ್ ಅನ್ನುವ ಹಡಗು ಚೀನೀ ಪ್ರಯಾಣಿಕರನ್ನು ಹೊತ್ತು ಬಂದಾಗ ಅವರನ್ನು ಇಳಿಯಲು ಬಿಡಲಿಲ್ಲ. ಕೋರ್ಟು ಇದು ಕಾನೂನಲ್ಲ ಅಂದಿತು. ಸರ್ಕಾರ ಹೊಸ ಕಾನೂನನ್ನೇ ತಂದು ತೆರಿಗೆಯನ್ನು 100 ಪೌಂಡಿಗೆ ಏರಿಸಿತು. ಸರ್ಕಾರದ ದುಡ್ಡಿನ ಟಿಕೆಟ್‌ನಲ್ಲಿ ಬಂದು, ಬಾಗಿಲಿನ ಮೇಲೆ ಮಲಗಿ ಬದುಕು ಕಟ್ಟಿಕೊಂಡವನು, ಅದೇ ಬಂದರಿನಲ್ಲಿ ಇನ್ನೊಬ್ಬರ ಮುಖಕ್ಕೆ ಬಾಗಿಲು ಹಾಕಿದ. ನನಗೆ ಈತನ ಮೇಲಿದ್ದ ಪ್ರೀತಿಯಲ್ಲಿ ಅರ್ಧ ಇಲ್ಲೇ ಹೋಯಿತು. ಆವತ್ತಿನ ಪೇಪರುಗಳ ಭಾಷೆ ಓದಲು ಹೊಟ್ಟೆ ಗಟ್ಟಿ ಇರಬೇಕು. ಬಹಳಷ್ಟು ಪತ್ರಿಕೆಗಳು ಅವನನ್ನು ತಡೆಯುವ ಬದಲು ಇನ್ನೂ ಬೇಗ, ಇನ್ನೂ ಜಾಸ್ತಿ ಅಂತ ತಳ್ಳುತ್ತಿದ್ದವು. ಟ್ರೋವ್ ಅದನ್ನು ಮುಚ್ಚದೆ ಹಾಗೇ ಇಟ್ಟಿದೆ, ಸರಿಯಾದ ಕೆಲಸ.

1889ರ ಅಕ್ಟೋಬರ್ 24ಕ್ಕೆ ಟೆಂಟರ್‌ಫೀಲ್ಡ್‌ನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಮಾಡಿದ ಭಾಷಣ, ವಸಾಹತುಗಳೆಲ್ಲ ಒಂದಾಗಬೇಕು ಅಂದದ್ದು, ಅದನ್ನು ಎಲ್ಲರೂ ಹುಡುಕುತ್ತಾರೆ. ಸಿಗುತ್ತದೆ, ಒಂದು ಊರಿನ ಪೇಪರಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಸಂಕ್ಷಿಪ್ತವಾಗಿ. ಮೆಲ್ಬರ್ನ್ ಪೇಪರುಗಳನ್ನೂ ನೋಡಿ, ಇವನ ಮಾತನ್ನು ಅಲ್ಲಿ ಅನುಮಾನದಿಂದ ನೋಡಿದವರಿದ್ದರು. ಒಕ್ಕೂಟ ಆದದ್ದು 1901ರ ಜನವರಿ 1ಕ್ಕೆ, ಪಾರ್ಕ್ಸ್ 1896ರ ಏಪ್ರಿಲ್‌ನಲ್ಲೇ ಹೋಗಿಬಿಟ್ಟಿದ್ದ. ಕೊನೆಗೂ ಕೈಯಲ್ಲಿ ದುಡ್ಡಿರಲಿಲ್ಲ.

ಕ್ಲಾರಿಂಡಾ ಬಗ್ಗೆ ಏನು ಸಿಗುತ್ತದೆ ಅಂತ ಹುಡುಕಿದರೆ ಬೇಜಾರಾಗುತ್ತದೆ. 12 ಮಕ್ಕಳನ್ನು ಹೆತ್ತು, ದಿವಾಳಿ ಮನೆಯನ್ನು ನಡೆಸಿ, 1888ರಲ್ಲಿ ತೀರಿಕೊಂಡ ಹೆಂಗಸು. ಕುಟುಂಬದ ಪ್ರಕಟಣೆಗಳು ಅನ್ನುವ ವಿಭಾಗ ಒತ್ತಿ ನೋಡಬೇಕು, ಹುಟ್ಟು, ಮದುವೆ, ಸಾವು, ಅಷ್ಟೇ ಅಲ್ಲಿರುವುದು. ಇದು ಸೈಟಿನ ತಪ್ಪಲ್ಲ, ಆ ಕಾಲದ ಪೇಪರಿನ ಬುದ್ಧಿ.

ಬಳಸುವವರಿಗೆ ಒಂದೆರಡು ಮಾತು. ಮೊಬೈಲ್‌ನಲ್ಲಿ ಒಂದು ಲೇಖನ ಓದಬಹುದು, ಆದರೆ ಏಳೆಂಟು ಕಾಲಂನ ದೊಡ್ಡ ಪುಟಕ್ಕೆ ಲ್ಯಾಪ್‌ಟಾಪೇ ಬೇಕು. ಬೇಕಾದ ಲೇಖನವನ್ನು ಪಿಡಿಎಫ್ ಅಥವಾ ಚಿತ್ರವಾಗಿ ಇಳಿಸಿಕೊಳ್ಳಬಹುದು. ಪ್ರತಿ ಲೇಖನಕ್ಕೂ ಬದಲಾಗದ ಲಿಂಕ್ ಇದೆ, ಅದನ್ನು ಎತ್ತಿಟ್ಟುಕೊಳ್ಳಿ, ಮತ್ತೆ ಹುಡುಕಲು ಹೋದರೆ ಕಷ್ಟ. ಲಾಗಿನ್ ಮಾಡಿಕೊಂಡರೆ ನಿಮ್ಮದೇ ಪಟ್ಟಿಗಳನ್ನು ಮಾಡಿ ಇಡಬಹುದು. 1954ರ ನಂತರದ್ದು ಕೃತಿಸ್ವಾಮ್ಯದ ಕಾರಣಕ್ಕೆ ಬಹಳ ಕಡಿಮೆ, ಕ್ಯಾನ್‌ಬೆರಾ ಟೈಮ್ಸ್ ಥರದ ಕೆಲವು ಮಾತ್ರ ಮುಂದಕ್ಕೂ ಇವೆ.

2023ರ ಶುರುವಿನಲ್ಲಿ ದುಡ್ಡಿಲ್ಲದೆ ಟ್ರೋವ್ ನಿಂತೇ ಹೋಗುತ್ತದೆ ಅನ್ನುವ ಭಯ ಇತ್ತು. ಜನ ಗಲಾಟೆ ಮಾಡಿದರು, ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ನಾಲ್ಕು ವರ್ಷಕ್ಕೆ 3.3 ಕೋಟಿ ಡಾಲರ್ ಘೋಷಿಸಿತು, ಆಮೇಲೂ ವರ್ಷವರ್ಷ ಕೊಡುತ್ತೇವೆ ಅಂದಿತು. ಸದ್ಯಕ್ಕೆ ಬಚಾವ್.

ಪಾರ್ಕ್ಸ್ ಯಾರು ಅಂತ ಅರ್ಧ ಗಂಟೆಯಲ್ಲಿ ಗೊತ್ತಾದರೆ ಸಾಕು ಅನ್ನುವವರಿಗೆ ಟ್ರೋವ್ ಬೇಡ, ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ ಆನ್‌ಲೈನ್‌ನಲ್ಲಿ ಉಚಿತವಾಗಿದೆ, ಅಲ್ಲಿ ಅವನ ಬಗ್ಗೆ ಒಳ್ಳೇ ಲೇಖನ ಇದೆ. ಅದನ್ನು ಮೊದಲು ಓದಿ, ತಾರೀಕುಗಳನ್ನು ಗುರುತು ಹಾಕಿಕೊಂಡು, ಆಮೇಲೆ ಟ್ರೋವ್‌ಗೆ ಬನ್ನಿ. ನಾನಾದರೆ 1854ರ ಚುನಾವಣೆಯಿಂದ ಶುರು ಮಾಡಿ ಅನ್ನುತ್ತೇನೆ.